ಹಿತ್ತಿಲಲ್ಲಿ ಹಿಂಗಾರಿ ಈರುಳ್ಳಿ: ಎರಡು ಮಡಿಗಳ ದಿನಚರಿ

ಧಾರವಾಡದ ನಮ್ಮ ಮನೆಯ ಹಿತ್ತಿಲಲ್ಲಿ 2024ರ ಅಕ್ಟೋಬರ್‌ನಲ್ಲಿ ಬೀಜ ಹಾಕಿ 2025ರ ಮಾರ್ಚ್ ಕೊನೆಗೆ ಕಿತ್ತ ಈರುಳ್ಳಿಯ ದಾಖಲೆ ಇದು. ಹಿಂದಿನ ವರ್ಷ ಇದೇ ಜಾಗದಲ್ಲಿ ಇದೇ ಬೆಳೆಯಲ್ಲಿ ಸೋತಿದ್ದೆನಾದ್ದರಿಂದ, ಈ ಸಲ ಮಾಡಿದ್ದನ್ನೆಲ್ಲ ತಾರೀಖು ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕೆಳಗಿನ ಅಳತೆ, ತೂಕ, ಎಣಿಕೆಗಳು ಅಲ್ಲಿಂದ ಬಂದವು.

ಮೊದಲು ಹಿಂದಿನ ವರ್ಷದ ಸೋಲಿನ ಲೆಕ್ಕ ಕೊಡಬೇಕು, ಏಕೆಂದರೆ ಈ ಸಲದ ಬಹುಪಾಲು ನಿರ್ಧಾರಗಳು ಅದಕ್ಕೆ ಕೊಟ್ಟ ಉತ್ತರಗಳೇ ಆಗಿವೆ. ಆ ವರ್ಷ ಸೆಪ್ಟೆಂಬರ್ ಮೊದಲ ವಾರದಲ್ಲೇ ಬೀಜ ಹಾಕಿದ್ದೆ. ನಾಟಿ ಮಾತ್ರ ನವೆಂಬರ್ ನಡುವಿನವರೆಗೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಸಸಿಗಳು ಎಪ್ಪತ್ತು ದಿನ ದಾಟಿ ಕಿರುಬೆರಳಿನ ದಪ್ಪಕ್ಕೆ ಬಂದಿದ್ದವು, ಅದನ್ನು ಕಂಡು ನಾನು ಹಿಗ್ಗಿದ್ದೂ ನಿಜ. ಫೆಬ್ರುವರಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಗಿಡಗಳು ಹೂದಂಟು ಎತ್ತಿದವು. ಈರುಳ್ಳಿ ಎರಡು ವರ್ಷದ ಬೆಳೆ: ಮೊದಲ ವರ್ಷ ಗಡ್ಡೆ ಕಟ್ಟಿ, ನಡುವೆ ಚಳಿ ಕಂಡು, ಎರಡನೆಯ ವರ್ಷ ಹೂ ಬಿಟ್ಟು ಬೀಜ ಕೊಡುವುದು ಅದರ ಸ್ವಭಾವ. ಸಣ್ಣ ಸಸಿಗೆ ಚಳಿ ತಟ್ಟಿದರೆ ಅದು ಸುಮ್ಮನೆ ನಿಧಾನವಾಗುತ್ತದೆ. ಬುಡ ದಪ್ಪವಾದ ಸಸಿಗೆ ಅದೇ ಚಳಿ ವಾರಗಟ್ಟಲೆ ತಟ್ಟಿದರೆ, ಗಡ್ಡೆಯ ವರ್ಷ ಮುಗಿಯಿತೆಂದು ತಿಳಿದು ದಂಟು ಎತ್ತುತ್ತದೆ. ದಂಟು ಬಂದ ಗಡ್ಡೆಯ ನಡುವೆ ಗಟ್ಟಿ ಕೋಲಿನಂಥ ತಿರುಳು ಇರುತ್ತದೆ ಮತ್ತು ಅದು ಇಟ್ಟರೆ ಉಳಿಯುವುದಿಲ್ಲ. ದಂಟು ಬಾರದೆ ಉಳಿದ ಗಡ್ಡೆಗಳಿಗೆ ಕೀಳುವ ದಿನದವರೆಗೂ ನೀರು ಕೊಟ್ಟಿದ್ದೆ. ಅವುಗಳ ಕುತ್ತಿಗೆ ಹಸಿಯಾಗಿ ದಪ್ಪವಾಗಿಯೇ ಉಳಿದಿತ್ತು. ಕಿತ್ತದ್ದನ್ನು ಅಡುಗೆಮನೆಯ ಮೂಲೆಯಲ್ಲಿ ಆಲೂಗಡ್ಡೆಯ ಜೊತೆ ಚೀಲದಲ್ಲಿಟ್ಟೆ. ಒಂದು ತಿಂಗಳೊಳಗೆ ಮೂಗು ಮುಚ್ಚಿಕೊಂಡು ಹೊರಗೆ ಒಯ್ಯಬೇಕಾಯಿತು.

ಆಮೇಲೆ ಓದಿ, ಕೇಳಿ ತಿಳಿದ ಒಂದು ಸಂಗತಿ ಈ ವರ್ಷದ ಕೆಲಸಕ್ಕೆಲ್ಲ ಅಳತೆಗೋಲಾಯಿತು. ಈರುಳ್ಳಿಯ ಒಂದೊಂದು ಪದರವೂ ಒಂದು ಎಲೆಯ ಬುಡ; ತೀರ ಒಳಗಿನ ಕೆಲವು ಪದರಗಳಿಗೆ ಮಾತ್ರ ಹೊರಗೆ ಎಲೆ ಇರುವುದಿಲ್ಲ. ಗಡ್ಡೆ ಕಟ್ಟಲು ಆರಂಭವಾದ ಮೇಲೆ ಹೊಸ ಎಲೆ ಬರುವುದು ಕಡಿಮೆಯಾಗಿ ನಿಂತುಹೋಗುತ್ತದೆ. ಹಾಗಾಗಿ ಗಡ್ಡೆ ಎಷ್ಟು ದೊಡ್ಡದಾಗಬಹುದೆಂಬುದು ಅದು ಕಟ್ಟಲು ತೊಡಗುವ ಮುನ್ನವೇ, ಅಂದರೆ ಡಿಸೆಂಬರ್ ಮತ್ತು ಜನವರಿ ತಿಂಗಳ ಎಲೆಗಳ ಲೆಕ್ಕದಲ್ಲೇ, ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ನೋಟ್‌ಬುಕ್ಕಿನಲ್ಲಿ ಹದಿನೈದು ದಿನಕ್ಕೊಮ್ಮೆ ಎಲೆ ಎಣಿಸಿದ ಅಂಕಣವೇ ಎಲ್ಲಕ್ಕಿಂತ ಉದ್ದವಾಗಿರುವುದಕ್ಕೆ ಕಾರಣ ಇದೇ.

ತಳಿ

ಈರುಳ್ಳಿಗೆ ಗಡ್ಡೆ ಕಟ್ಟುವ ಸೂಚನೆ ಬರುವುದು ಹಗಲಿನ ಉದ್ದದಿಂದ ಮತ್ತು ಏರುವ ಬಿಸಿಲಿನಿಂದ. ಧಾರವಾಡದಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 15 ನಿಮಿಷ, ಜೂನ್ ಕೊನೆಯದು ಸುಮಾರು 13 ಗಂಟೆ. ನಮ್ಮ ದೇಶದ ಬಯಲುಸೀಮೆಯ ತಳಿಗಳೆಲ್ಲ ಹನ್ನೊಂದು, ಹನ್ನೆರಡು ಗಂಟೆಯ ಹಗಲಿಗೇ ಗಡ್ಡೆ ಕಟ್ಟುವಂಥವು. ಯುರೋಪಿನ ತಳಿಗಳಿಗೆ ಹದಿನಾಲ್ಕು ಗಂಟೆಗೂ ಹೆಚ್ಚಿನ ಹಗಲು ಬೇಕು. ಇಂಗ್ಲೆಂಡಿನಲ್ಲಿರುವ ಸಂಬಂಧಿಕರೊಬ್ಬರು ಪ್ರೀತಿಯಿಂದ ತಂದುಕೊಟ್ಟ ಒಂದು ಪೊಟ್ಟಣ ಬೀಜವನ್ನು ಕೆಲವು ವರ್ಷಗಳ ಹಿಂದೆ ಹಾಕಿದ್ದೆ. ಸೊಂಪಾದ ತಪ್ಪಲು ಬಂತು, ಗಡ್ಡೆ ಬರಲಿಲ್ಲ. ಅಲ್ಲಿನ ತೋಟಗಾರರು ಚಳಿಗಾಲದ ಈರುಳ್ಳಿಯನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಾಕಿ, ಹಿಮದ ತಿಂಗಳುಗಳನ್ನು ಅದು ಹೇಗೋ ದಾಟಿದರೆ ಸಾಕೆಂದು ಕಾದು, ಬೇಸಗೆಯ ಆರಂಭದಲ್ಲಿ ಕೀಳುತ್ತಾರೆ. ನಮ್ಮಲ್ಲಿ ಚಳಿಗಾಲವೇ ಬೆಳವಣಿಗೆಯ ಕಾಲ. ಹಗಲಿಗೆ ಹಿತವಾದ ಬಿಸಿಲು, ರಾತ್ರಿ ಹನ್ನೆರಡರಿಂದ ಹದಿನೈದು ಡಿಗ್ರಿಯ ತಂಪು.

ಈ ಸಲ ಆರಿಸಿದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ನಿಕೇತನ್. ಅದೇ ಸಂಸ್ಥೆಯ ಅರ್ಕ ಕಲ್ಯಾಣ್ ಮುಂಗಾರಿಗೆ ಹೆಚ್ಚು ಹೊಂದುತ್ತದೆ. ನಿಕೇತನ್ ಹಿಂಗಾರಿಗೆ ಒಗ್ಗುತ್ತದೆ, ಅದರ ಕುತ್ತಿಗೆ ತೆಳು, ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಗದಗ, ಚಿತ್ರದುರ್ಗದ ಕಡೆಯ ಮುಂಗಾರಿ ಹೊಲಗಳ ಬೀಜವನ್ನು ಹಿತ್ತಿಲಿಗೆ ತಂದು ಚಳಿಗಾಲದಲ್ಲಿ ಹಾಕುವವರು ಮೊದಲು ಎಡವುವುದು ಇಲ್ಲೇ ಎಂಬುದು ನನ್ನ ಅನಿಸಿಕೆ. ಇನ್ನೊಂದು ಎಚ್ಚರಿಕೆ: ಈರುಳ್ಳಿ ಬೀಜದ ಆಯುಷ್ಯ ತೀರ ಕಡಿಮೆ. ಮನೆಯ ಸಾಮಾನ್ಯ ಉಷ್ಣತೆಯಲ್ಲಿಟ್ಟ ಬೀಜ ವರ್ಷ ಕಳೆಯುವಷ್ಟರಲ್ಲಿ ಮೊಳಕೆಯ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿರುತ್ತದೆ. ಹಳೆಯ ಪೊಟ್ಟಣವನ್ನು ಮಮತೆಯಿಂದ ಉಳಿಸಿಕೊಳ್ಳದೆ ಹೊಸದನ್ನು ತರುವುದೇ ಲೇಸು.

ಸೆಪ್ಟೆಂಬರ್ 22 – 29: ಮಡಿ ಕಟ್ಟಿದ್ದು

ನಮ್ಮ ಹಿತ್ತಿಲಿನದು ಎರೆಮಣ್ಣು. ಅದು ಹಸಿಯಿದ್ದಾಗ ಕಾಲಿಗೆ ಅಂಟುತ್ತದೆ, ಒಣಗಿದಾಗ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಈರುಳ್ಳಿಯ ಬೇರುಗಳು ಬಹುಪಾಲು ಮೇಲಿನ ಅರ್ಧ ಅಡಿಯಲ್ಲೇ ಇರುವುದರಿಂದ ಇಡೀ ಹಿತ್ತಿಲನ್ನು ತಿದ್ದುವ ಅಗತ್ಯವಿಲ್ಲ, ಅಷ್ಟು ಮಣ್ಣನ್ನು ತಿದ್ದಿದರೆ ಸಾಕು. ಗುದ್ದಲಿಯಿಂದ ಒಂದು ಅಡಿ ಆಳ ಅಗೆದು, ಹೆಂಟೆಗಳನ್ನು ಎರಡು ದಿನ ಬಿಸಿಲಿಗೆ ಬಿಟ್ಟು ಒಡೆದು, ಜೇಕಿನ ಗಡ್ಡೆಗಳನ್ನು ಕೈಯಿಂದ ಆರಿಸಿದೆ. ಈ ಆರಿಸುವ ಕೆಲಸಕ್ಕೇ ಒಂದೂವರೆ ದಿನ ಹಿಡಿಯಿತು. ಈರುಳ್ಳಿಯ ಎಲೆ ನೆಟ್ಟಗೆ ನಿಲ್ಲುವಂಥದ್ದು, ನೆಲಕ್ಕೆ ನೆರಳು ಕೊಡುವುದಿಲ್ಲ; ಅದರ ಸಾಲಿನಲ್ಲಿ ಜೇಕು ಸೇರಿಕೊಂಡರೆ ಮತ್ತೆ ಕಿತ್ತು ಪೂರೈಸುವುದಿಲ್ಲ.

ಮಡಿಗಳು ಎರಡು. ಒಂದೊಂದೂ 3 ಮೀಟರ್ ಉದ್ದ, 1 ಮೀಟರ್ ಅಗಲ, ನೆಲದಿಂದ ಅರ್ಧ ಅಡಿ ಎತ್ತರ. ಒಂದು ಮೀಟರ್ ಅಗಲಕ್ಕಿಂತ ಹೆಚ್ಚು ಮಾಡಿದರೆ ನಡುವಿನ ಸಾಲಿಗೆ ಕೈ ಎಟುಕದೆ ಮಡಿಯ ಮೇಲೆ ಕಾಲಿಡಬೇಕಾಗುತ್ತದೆ. ಅಂಚಿಗೆ, ಮಾಡು ರಿಪೇರಿ ಮಾಡಿಸಿದಾಗ ಉಳಿದಿದ್ದ ಮಂಗಳೂರು ಹೆಂಚುಗಳನ್ನು ಅಡ್ಡಲಾಗಿ ನಿಲ್ಲಿಸಿ ಮೂರನೆಯ ಒಂದು ಭಾಗ ಹೂತೆ. ಪ್ರತಿ ಮಡಿಗೆ ನಾಲ್ಕು ಬುಟ್ಟಿ ಮಸಾರಿ ಮಣ್ಣು, ಎರಡು ಬುಟ್ಟಿ ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 15 ಕಿಲೋ, ಬೇವಿನ ಹಿಂಡಿ ಮುಕ್ಕಾಲು ಕಿಲೋ ಸೇರಿಸಿದೆ. ಹಸಿ ಸಗಣಿ ಬೆರೆತ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ. ಹಿಡಿಯಲ್ಲಿ ಹಿಚುಕಿದಾಗ ಕೈಗೆ ಅಂಟದೆ, ಮೂಗಿಗೆ ಮಳೆಬಿದ್ದ ಕಾಡಿನ ವಾಸನೆ ಬಂದರೆ ಕಳಿತಿದೆಯೆಂದು ಅರ್ಥ.

ಜಾಗದ ಆಯ್ಕೆಯಲ್ಲಿ ಮಾತ್ರ ಒಂದು ದೊಡ್ಡ ತಪ್ಪು ಮಾಡಿದೆ. ಮೊದಲ ಮಡಿಯನ್ನು ದಕ್ಷಿಣದ ಕಾಂಪೌಂಡ್ ಗೋಡೆಯಿಂದ ಎರಡು ಅಡಿ ಬಿಟ್ಟು ಕಟ್ಟಿದ್ದೆ. ಗೋಡೆಯ ಎತ್ತರ ಐದು ಅಡಿ. ಸೆಪ್ಟೆಂಬರ್ ಕೊನೆಯ ಮಧ್ಯಾಹ್ನ ಸೂರ್ಯ ಬಹುತೇಕ ನೆತ್ತಿಯ ಮೇಲಿರುವಾಗ ಆ ಗೋಡೆಯ ನೆರಳು ಒಂದೂವರೆ ಅಡಿಯೂ ಇರಲಿಲ್ಲ. ಮಡಿಯ ತುಂಬ ಬಿಸಿಲು ಬೀಳುತ್ತಿತ್ತು. ಡಿಸೆಂಬರ್ ನಡುವಿಗೆ ಸೂರ್ಯ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನದಲ್ಲೂ 51 ಡಿಗ್ರಿಗಿಂತ ಮೇಲೇರದೆ, ಅದೇ ಗೋಡೆಯ ನೆರಳು ನಾಲ್ಕು ಅಡಿಗೆ ಚಾಚಿತು. ಇದನ್ನು ಗಮನಿಸಿದ್ದು ಸಸಿ ನೆಡಲು ಕುಕ್ಕರಗಾಲಿನಲ್ಲಿ ಕುಳಿತಾಗ, ಬೆನ್ನಿಗೆ ಬಿಸಿಲು ತಾಗದೆ ತಣ್ಣಗನ್ನಿಸಿದಾಗ. ಮಳೆಗಾಲ ಮುಗಿಯುವಾಗ ಬಿಸಿಲು ನೋಡಿ ಚಳಿಗಾಲದ ಮಡಿಗೆ ಜಾಗ ಗುರುತಿಸಬಾರದು. ಐದು ಅಡಿ ಗೋಡೆಯಿದ್ದರೆ ಅದರ ಉತ್ತರಕ್ಕೆ ಕನಿಷ್ಠ ನಾಲ್ಕೂವರೆ ಅಡಿ ಬಿಡಬೇಕು.

ಅಕ್ಟೋಬರ್ 18: ಬೀಜ ಹಾಕಿದ್ದು

ಒಂದು ಮೀಟರ್ ಚೌಕದ ಏರುಮಡಿ, ಮೇಲಿನ ಎರಡು ಇಂಚು ಜರಡಿ ಹಿಡಿದ ಮಣ್ಣು ಮತ್ತು ಗೊಬ್ಬರ. ಗೊಬ್ಬರಕ್ಕೆ ಹತ್ತು ದಿನ ಮೊದಲೇ ಟ್ರೈಕೋಡರ್ಮಾ (ಬುಡ ಕೊಳೆಸುವ ರೋಗಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಬೆರೆಸಿ, ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಇಟ್ಟಿದ್ದೆ. ಈರುಳ್ಳಿ ಬೀಜ ಒಂದು ಗ್ರಾಮಿಗೆ ಇನ್ನೂರೈವತ್ತರಿಂದ ಮುನ್ನೂರು ಬರುತ್ತದೆ. ನನಗೆ ಬೇಕಾದ ಸಸಿ ಸುಮಾರು 360, ಆದ್ದರಿಂದ 3 ಗ್ರಾಂ ಸಾಕಾಯಿತು. ಏಳು ಸೆಂಟಿಮೀಟರ್ ಅಂತರದಲ್ಲಿ ಹದಿಮೂರು ಗೀರು ಎಳೆದು, ಒಂದೊಂದರಲ್ಲಿ ಅರವತ್ತರಂತೆ ಉದುರಿಸಿ, ಒಂದು ಸೆಂಟಿಮೀಟರ್ ಜರಡಿಗೊಬ್ಬರ ಮುಚ್ಚಿ, ಮೇಲೆ ತೆಳುವಾಗಿ ಭತ್ತದ ಹುಲ್ಲು ಹರಡಿದೆ. ಎರಚಿ ಬಿತ್ತುವುದು ಸುಲಭವೆನಿಸಿದರೂ ಸಸಿಗಳು ಒಂದರ ಮೇಲೊಂದು ಬಂದು ದಾರದಂತಾಗುತ್ತವೆ; ಕಳೆ ತೆಗೆಯಲೂ ಬರುವುದಿಲ್ಲ, ಏಕೆಂದರೆ ಎಳೆಯ ಈರುಳ್ಳಿಗೂ ಹುಲ್ಲಿಗೂ ಅಷ್ಟೇನೂ ಭೇದವಿರುವುದಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಬೀದಿಯ ಬೆಕ್ಕೊಂದು ಮಡಿಯ ಒಂದು ಮೂಲೆಯನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿತ್ತು. ಸಡಿಲವಾದ ಮಣ್ಣು ಎಂದರೆ ಅದಕ್ಕೆ ಅಷ್ಟು ಇಷ್ಟ. ಎರಡು ಗೀರು ಹಾಳಾದವು. ಬೋರೆಯ ಮುಳ್ಳುಕೊಂಬೆಗಳನ್ನು ಹೊದಿಸಿದ ಮೇಲೆ ಅದು ಮತ್ತೆ ಬರಲಿಲ್ಲ.

ಅಕ್ಟೋಬರ್ 25ಕ್ಕೆ ಮೊಳಕೆ ಕಂಡಿತು. ಈರುಳ್ಳಿ ನೆಟ್ಟಗೆ ಹುಟ್ಟುವುದಿಲ್ಲ. ಕೊಕ್ಕೆಯಂತೆ ಬಾಗಿ, ಮೊಣಕಾಲು ಮೊದಲು ಹೊರಗೆ ಹಾಕಿ, ಆಮೇಲೆ ತುದಿಯಲ್ಲಿ ಬೀಜದ ಕಪ್ಪು ಸಿಪ್ಪೆಯನ್ನು ಹೊತ್ತುಕೊಂಡು ಮೇಲೇಳುತ್ತದೆ. ಈ ಮೊಣಕಾಲು ಕಂಡ ಸಂಜೆಯೇ ಹುಲ್ಲನ್ನು ತೆಗೆಯಬೇಕು, ಒಂದು ದಿನ ತಡವಾದರೂ ಸಸಿ ಬಿಳಿಚಿ ಹುಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ನವೆಂಬರ್ ಆರಂಭದಲ್ಲಿ ಮೂರು ದಿನ ಮೋಡ ಕವಿದಿದ್ದಾಗ ಒಂದು ಅಂಗೈಯಗಲ ಜಾಗದಲ್ಲಿ ಬುಡ ಕೊಳೆತು ಸಸಿಗಳು ಮಲಗಿದವು. ಅವನ್ನು ಮಣ್ಣುಸಹಿತ ಎತ್ತಿಹಾಕಿ, ಸಂಜೆಯ ನೀರನ್ನು ಬೆಳಗಿಗೆ ಬದಲಿಸಿ, ಅದೂ ಮಣ್ಣಿನ ಮೇಲ್ಪದರ ಒಣಗಿದ್ದರೆ ಮಾತ್ರ ಕೊಡಲಾರಂಭಿಸಿದೆ. ರೋಗ ಅಲ್ಲಿಗೇ ನಿಂತಿತು.

ನೀರಿನ ವ್ಯವಸ್ಥೆ

ನಾಟಿಗೆ ಮೊದಲು ಹನಿ ನೀರಾವರಿ ಕೂಡಿಸಿದೆ. ಪ್ರತಿ ಮಡಿಗೆ 16 ಮಿಲಿಮೀಟರಿನ ಮೂರು ಪೈಪು, ಒಂದೊಂದರಲ್ಲಿ ಒಂದು ಅಡಿಗೊಂದರಂತೆ ಹತ್ತು ಹನಿತೂತು, ಪೈಪಿನ ಎರಡೂ ಬದಿಗೆ ಒಂದೊಂದು ಸಾಲು ಈರುಳ್ಳಿ. ಮೋಟರಿನ ಒತ್ತಡ ಇಲ್ಲ. ಮಾಳಿಗೆಯ ಮೇಲಿನ ಟ್ಯಾಂಕಿನಿಂದ, ಸುಮಾರು ಇಪ್ಪತ್ತು ಅಡಿ ಎತ್ತರದಿಂದ, ನೀರು ತಾನಾಗಿ ಇಳಿಯುತ್ತದೆ. ಪೈಪಿನ ಮೇಲೆ ಗಂಟೆಗೆ 2 ಲೀಟರ್ ಎಂದು ಅಚ್ಚಾಗಿದ್ದರೂ ಅದು ಪೂರ್ಣ ಒತ್ತಡದ ಲೆಕ್ಕ. ಐದು ತೂತುಗಳ ಕೆಳಗೆ ಸಣ್ಣ ಗುಂಡಿ ತೋಡಿ ಲೋಟ ಇಟ್ಟು ಹದಿನೈದು ನಿಮಿಷ ಹಿಡಿದೆ. ಸರಾಸರಿ 400 ಮಿಲಿಲೀಟರ್ ಬಂತು, ಅಂದರೆ ಗಂಟೆಗೆ 1.6 ಲೀಟರ್. ಮಡಿಯ ಮೂವತ್ತು ತೂತುಗಳಿಂದ ಗಂಟೆಗೆ 48 ಲೀಟರ್. ಮೂರು ಚದರ ಮೀಟರಿಗೆ ದಿನಕ್ಕೆ 4 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ಮೂರು ದಿನಕ್ಕೆ 36 ಲೀಟರ್, ಹಾಗಾಗಿ ಮೂರು ದಿನಕ್ಕೊಮ್ಮೆ 45 ನಿಮಿಷ. ಇಷ್ಟು ಲೆಕ್ಕ ಹಾಕಿದ ಮೇಲೆ ಎಷ್ಟು ನೀರು ಬಿಡಬೇಕೆಂಬ ಚಿಂತೆ ಋತುವಿಡೀ ಬರಲಿಲ್ಲ.

ಕೊಳವೆಬಾವಿಯ ಗಡಸು ನೀರಿನಿಂದ ತೂತುಗಳು ಕಟ್ಟಿಕೊಳ್ಳುತ್ತವೆ. ಜನವರಿಯಲ್ಲಿ ಒಂದು ಪೈಪಿನ ಕೊನೆಯ ಮೂರು ತೂತು ಮುಚ್ಚಿ, ಆರೆಂಟು ಗಿಡ ತುದಿ ಒಣಗಿದ ಮೇಲೆ ನನಗೆ ಗೊತ್ತಾಯಿತು. ಅಂದಿನಿಂದ ವಾರಕ್ಕೊಮ್ಮೆ ಪೈಪುಗಳ ಕೊನೆಯ ಮುಚ್ಚಳ ಬಿಚ್ಚಿ ಎರಡು ನಿಮಿಷ ನೀರು ಹರಿಯಬಿಡುತ್ತಿದ್ದೆ.

ಡಿಸೆಂಬರ್ 6: ನಾಟಿ

ಸಸಿಗೆ ನಲವತ್ತೊಂಬತ್ತು ದಿನ. ಎಲೆ ಮೂರು ಅಥವಾ ನಾಲ್ಕು, ಬುಡ ಪೆನ್ಸಿಲಿಗಿಂತ ತುಸು ತೆಳು. ಹಿಂದಿನ ದಿನ ಮಡಿ ತೋಯಿಸಿ, ಬೇರು ಹರಿಯದಂತೆ ಸಸಿಗಳನ್ನು ಎತ್ತಿ, ಮೂರು ಗುಂಪು ಮಾಡಿದೆ. ಪೆನ್ಸಿಲಿಗಿಂತ ದಪ್ಪವಾದವುಗಳನ್ನು ಹಿಂದಿನ ವರ್ಷದ ನೆನಪಿನಿಂದ ನೆಡದೆ ಅಡುಗೆಮನೆಗೆ ಕಳಿಸಿದೆ. ಅಂದು ರಾತ್ರಿ ಜೋಳದ ರೊಟ್ಟಿಯ ಜೊತೆ ಉಳ್ಳಾಗಡ್ಡಿ ತಪ್ಪಲಿನ ಪಲ್ಯವಾಯಿತು. ಬೆಂಕಿಕಡ್ಡಿಗಿಂತ ತೆಳುವಾದವನ್ನು ಖಾಲಿ ಬಿದ್ದ ಜಾಗ ತುಂಬಲು ಒಂದು ಡಬ್ಬಿಯಲ್ಲಿ ಉಳಿಸಿಕೊಂಡೆ.

ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10. ತೆರೆದ ಬಿಸಿಲಿನ ಎರಡನೆಯ ಮಡಿಯಲ್ಲಿ ಆರು ಸಾಲಿನಲ್ಲಿ 180 ಸಸಿ ಹಿಡಿದವು. ಗೋಡೆಯ ಬದಿಯ ಮೊದಲ ಮಡಿಯಲ್ಲಿ ನೆರಳಿಗೆ ತೀರ ಹತ್ತಿರದ ಎರಡು ಸಾಲುಗಳನ್ನು ಕೊತ್ತಂಬರಿಗೂ ಮೆಂತ್ಯೆಗೂ ಬಿಟ್ಟುಕೊಟ್ಟು, ಉಳಿದ ನಾಲ್ಕರಲ್ಲಿ 120 ನೆಟ್ಟೆ. ಬೆರಳಿನಿಂದ ಕುಳಿ ಮಾಡಿ, ಬುಡದ ಬಿಳಿ ಭಾಗ ಮಾತ್ರ ಮುಚ್ಚುವಂತೆ ಎರಡು ಸೆಂಟಿಮೀಟರ್ ಆಳದಲ್ಲಿ ಸಸಿ ಇಟ್ಟು ಮಣ್ಣು ಒತ್ತುವುದು. ಆಳಕ್ಕೆ ಹೋದರೆ ಗಡ್ಡೆ ಉದ್ದುದ್ದವಾಗುತ್ತದೆ. ನಾಟಿ ಮಾಡುವಾಗ ಎಲೆಯ ಮೂರನೆಯ ಒಂದು ಭಾಗ ಕತ್ತರಿಸುವ ಪದ್ಧತಿ ಇದೆ; ನಾನು ಮೂರು ಸಾಲು ಕತ್ತರಿಸಿ, ಮೂರು ಸಾಲು ಹಾಗೇ ಬಿಟ್ಟು ನೋಡಿದೆ. ಹಾಗೇ ಬಿಟ್ಟವು ಎರಡು ದಿನ ಹೆಚ್ಚು ಬಾಡಿದವು, ಎರಡು ವಾರದ ಮೇಲೆ ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ.

ಮಡಿಗೆ 120 ಗ್ರಾಂ ಸೂಪರ್ ಫಾಸ್ಫೇಟ್ ಮತ್ತು 45 ಗ್ರಾಂ ಪೊಟ್ಯಾಷ್ ನಾಟಿಯ ಮುನ್ನವೇ ಮಣ್ಣಿಗೆ ಸೇರಿಸಿದ್ದೆ. ಸಾರಜನಕಕ್ಕೆ ಯೂರಿಯಾ ಬಿಟ್ಟು ಅಮೋನಿಯಂ ಸಲ್ಫೇಟ್ ಆರಿಸಿದ್ದಕ್ಕೆ ಕಾರಣವಿದೆ: ಈರುಳ್ಳಿಯ ಘಾಟು, ಕಣ್ಣೀರು ಬರಿಸುವ ಗುಣ, ಎಲ್ಲವೂ ಗಂಧಕದ ಸಂಯುಕ್ತಗಳದು, ಆ ಗೊಬ್ಬರದಲ್ಲಿ ಗಂಧಕವೂ ಇರುತ್ತದೆ. ಜನವರಿ 5 ಮತ್ತು 22ರಂದು ಮಡಿಗೆ 45 ಗ್ರಾಮಿನಂತೆ ಸಾಲುಗಳ ನಡುವೆ ಉದುರಿಸಿ ನೀರು ಬಿಟ್ಟೆ. ಜನವರಿ 22ರ ಮೇಲೆ ಒಂದು ಚಿಟಿಕೆಯನ್ನೂ ಕೊಡಲಿಲ್ಲ. ತಡವಾಗಿ ಕೊಟ್ಟ ಸಾರಜನಕ ಎಲೆಗೂ ಕುತ್ತಿಗೆಗೂ ಹೋಗುತ್ತದೆಯೇ ಹೊರತು ಗಡ್ಡೆಗಲ್ಲ.

ಜನವರಿ, ಫೆಬ್ರುವರಿ: ಎಲೆಗಳ ಎಣಿಕೆ

ಎರಡನೆಯ ಮಡಿಯಲ್ಲಿ ಗುರುತಿಟ್ಟ ಹತ್ತು ಗಿಡಗಳ ಎಣಿಕೆ ಹೀಗಿದೆ: ಜನವರಿ 5ರಂದು ಐದು ಎಲೆ, ಜನವರಿ 20ರಂದು ಏಳು, ಫೆಬ್ರುವರಿ 4ರಂದು ಒಂಬತ್ತು, ಫೆಬ್ರುವರಿ 19ರಂದು ಹತ್ತು ಅಥವಾ ಹನ್ನೊಂದು. ಆಮೇಲೆ ಹೊಸ ಎಲೆ ಬರಲಿಲ್ಲ. ಮೊದಲ ಮಡಿಯ ಮೂರನೆಯ ಸಾಲಿನಲ್ಲಿ, ಅಂದರೆ ಗೋಡೆಗೆ ಹತ್ತಿರದ ಈರುಳ್ಳಿ ಸಾಲಿನಲ್ಲಿ, ಫೆಬ್ರುವರಿ 4ರಂದು ಆರೇ ಎಲೆಗಳಿದ್ದವು. ಜನವರಿ ಕೊನೆಯವರೆಗೂ ಅದಕ್ಕೆ ಮಧ್ಯಾಹ್ನದ ಬಿಸಿಲು ಬುಡದವರೆಗೆ ಇಳಿದಿರಲಿಲ್ಲ. ಎರಡು ಮಡಿಗಳೂ ಗಡ್ಡೆ ಕಟ್ಟಲು ತೊಡಗಿದ್ದು ಮಾತ್ರ ಬಹುತೇಕ ಒಂದೇ ವಾರದಲ್ಲಿ, ಫೆಬ್ರುವರಿಯ ಮೊದಲ ಹತ್ತು ದಿನಗಳೊಳಗೆ. ಹಿಂದುಳಿದ ಗಿಡಕ್ಕೆಂದು ಹಗಲು ಕಾಯುವುದಿಲ್ಲ. ಆರು ಎಲೆಯ ಗಿಡವೂ ಆರು ಎಲೆಯಲ್ಲೇ ಗಡ್ಡೆಗೆ ಇಳಿಯಿತು.

ರೋಗ, ಕೀಟಗಳ ಕಾಟ ಅಷ್ಟಾಗಿ ಇರಲಿಲ್ಲ. ಮಂಜು ಬಿದ್ದ ಬೆಳಗುಗಳ ನಂತರ ಹನ್ನೊಂದು ಎಲೆಗಳ ಮೇಲೆ ನೇರಳೆ ಮಚ್ಚೆ ಕಂಡಿತು, ಕತ್ತರಿಸಿ ಸುಟ್ಟೆ. ಹನಿ ನೀರಿನಿಂದ ಎಲೆ ಒದ್ದೆಯಾಗದೆ ಇದ್ದದ್ದು ಇಲ್ಲಿ ನೆರವಾಗಿರಬೇಕು. ಥ್ರಿಪ್ಸ್ ಮಾತ್ರ ಫೆಬ್ರುವರಿಯ ಒಣಹವೆಗೆ ತಪ್ಪದೆ ಬಂತು. ಎಲೆಗಳ ಮೇಲೆ ಬೆಳ್ಳಿಯ ಗೀರುಗಳಂತೆ ಕಂಡರೆ, ನಡುವಿನ ಎಳೆಯ ಎಲೆಗಳನ್ನು ಬಿಡಿಸಿ ಬುಡದ ಸಂದಿಯಲ್ಲಿ ನೋಡಬೇಕು; ಹಳದಿ ಬಣ್ಣದ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳುಗಳು ಅಲ್ಲಿರುತ್ತವೆ. ಲೀಟರಿಗೆ 5 ಮಿಲಿಲೀಟರಿನಂತೆ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ದ್ರವದೊಡನೆ ಕಲಸಿ, ಸಂಜೆ, ಹತ್ತು ದಿನದ ಅಂತರದಲ್ಲಿ ಮೂರು ಸಲ ಹೊಡೆದೆ. ಸಾಬೂನು ಬೇಕೇ ಬೇಕು, ಇಲ್ಲವಾದರೆ ಮೇಣ ಸವರಿದಂಥ ಈರುಳ್ಳಿ ಎಲೆಯ ಮೇಲೆ ಹನಿ ನಿಲ್ಲದೆ ಜಾರಿಹೋಗುತ್ತದೆ.

ಕಳೆಯನ್ನು ಕುರ್ಚಿಗಿಯಿಂದ ಮೂರು ಸಲ ತೆಗೆದದ್ದಾಯಿತು. ಫೆಬ್ರುವರಿ ನಡುವಿನ ನಂತರ ಉಪಕರಣ ಮುಟ್ಟಲಿಲ್ಲ, ಕೈಯಿಂದಲೇ ಕಿತ್ತೆ. ಬುಡಕ್ಕೆ ಮಣ್ಣೇರಿಸುವುದನ್ನೂ ಮಾಡಲಿಲ್ಲ. ಬಲಿಯುವ ಗಡ್ಡೆ ಅರ್ಧ ಮಣ್ಣಿನ ಮೇಲೆ ಬಂದು ಕೂರುವುದು ಸಹಜ. ಹೂದಂಟು ಬಂದದ್ದು ಎರಡನೆಯ ಮಡಿಯಲ್ಲಿ ಐದು ಗಿಡಗಳಿಗೆ, ಮೊದಲನೆಯದರಲ್ಲಿ ಎರಡಕ್ಕೆ. ಹಿಂದಿನ ವರ್ಷದ ಕಾಲು ಭಾಗಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಅವೂ ಎಳೆಯದರಲ್ಲೇ ಸಾರಿಗೆ ಹೋದವು.

ಮಾರ್ಚ್ 18 – ಏಪ್ರಿಲ್ 16: ಕುತ್ತಿಗೆ ಬಿದ್ದದ್ದು, ಕಿತ್ತದ್ದು, ಒಣಗಿಸಿದ್ದು

ಮಾರ್ಚ್ 18ರಂದು ಇಪ್ಪತ್ತರಷ್ಟು ಗಿಡಗಳು ಕುತ್ತಿಗೆಯಲ್ಲಿ ಮೆತ್ತಗಾಗಿ, ಎಲೆ ಇನ್ನೂ ಹಸಿರಿರುವಾಗಲೇ ಪಕ್ಕಕ್ಕೆ ಮಲಗಿದ್ದವು. ಅಂದೇ ನೀರಿನ ವಾಲ್ವ್ ಮುಚ್ಚಿದೆ. ಈ ದಾಖಲೆಯಲ್ಲಿ ನನಗೆ ಅತ್ಯಂತ ಕಷ್ಟವಾದ ಕೆಲಸವೆಂದರೆ ಇದೇ. ಬೇಸಗೆಯ ಬಿಸಿಲು ಏರುತ್ತಿರುವಾಗ, ಗಡ್ಡೆ ಇನ್ನೂ ಉಬ್ಬುತ್ತಿರುವಂತೆ ಕಾಣುವಾಗ, ಕಣ್ಣೆದುರು ಗಿಡಗಳನ್ನು ಒಣಗಲು ಬಿಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ; ಮನೆಯಲ್ಲಿ ಎರಡು ಸಲ ಕೇಳಿದರು, ನೀರು ಯಾಕೆ ಬಿಡುತ್ತಿಲ್ಲವೆಂದು. ಮಾರ್ಚ್ 24ಕ್ಕೆ ಅರ್ಧದಷ್ಟು ಮಲಗಿದವು. ಉಳಿದವುಗಳ ಕುತ್ತಿಗೆಯನ್ನು ಕಾಲಿನಿಂದಲೋ ಡ್ರಮ್ಮು ಉರುಳಿಸಿಯೋ ಬಗ್ಗಿಸುವುದನ್ನು ಹೊಲಗಳಲ್ಲಿ ನೋಡಿದ್ದೇನೆ. ಬಲವಂತವಾಗಿ ಬಗ್ಗಿಸಿದ ಕುತ್ತಿಗೆ ಒಳಗಿನಿಂದ ಮುಚ್ಚಿಕೊಳ್ಳುವುದಿಲ್ಲವೆಂದು ನನಗೆ ಅನ್ನಿಸುವುದರಿಂದ ಹಾಗೆ ಮಾಡಲಿಲ್ಲ.

ಮಾರ್ಚ್ 31ರ ಬೆಳಿಗ್ಗೆ, ನಾಟಿಯಾಗಿ 115 ದಿನಕ್ಕೆ, ಎಲ್ಲವನ್ನೂ ಕಿತ್ತೆ. ಎರಡನೆಯ ಮಡಿಯಿಂದ 171 ಗಡ್ಡೆ, 11.7 ಕಿಲೋ. ಮೊದಲನೆಯದರಿಂದ 111 ಗಡ್ಡೆ, 6.1 ಕಿಲೋ. ಮೊದಲ ಮಡಿಯ ನಾಲ್ಕು ಸಾಲುಗಳನ್ನು ಬೇರೆ ಬೇರೆ ತೂಗಿದಾಗ ಗೋಡೆಯ ಕಡೆಯಿಂದ ಆಚೆಗೆ ಕ್ರಮವಾಗಿ 1.15, 1.4, 1.65, 1.9 ಕಿಲೋ ಬಂತು. ಡಿಸೆಂಬರ್‌ನ ನೆರಳು ಮಾರ್ಚ್‌ನ ತಕ್ಕಡಿಯಲ್ಲಿ ಹೀಗೆ ಮೆಟ್ಟಿಲುಮೆಟ್ಟಿಲಾಗಿ ಕಾಣಿಸುತ್ತದೆಂದು ನಾನು ಎಣಿಸಿರಲಿಲ್ಲ.

ಕಿತ್ತ ಗಡ್ಡೆಗಳನ್ನು ಮಡಿಯ ಮೇಲೆಯೇ ಸಾಲಾಗಿ ಮಲಗಿಸಿ, ಒಂದು ಸಾಲಿನ ಗಡ್ಡೆಗಳ ಮೇಲೆ ಇನ್ನೊಂದು ಸಾಲಿನ ಎಲೆಗಳು ಬರುವಂತೆ ಹರಡಿದೆ. ಎಲೆ ಒಣಗುತ್ತ ಗಡ್ಡೆಗೆ ನೆರಳಾಗುತ್ತದೆ, ಬಿಸಿಲಿಗೆ ಗಡ್ಡೆ ಬೇಯುವುದಿಲ್ಲ. ಮೂರು ದಿನ ಹೀಗೆ ಬಿಡುವುದು ಲೆಕ್ಕ. ಏಪ್ರಿಲ್ 2ರ ಸಂಜೆ ಪಡುವಣ ಕಪ್ಪಾಗಿ, ಬುಟ್ಟಿ ತರುವಷ್ಟರಲ್ಲಿ ಅಡ್ಡಮಳೆ ಸುರಿಯಿತು. ಮೊದಲ ಮಡಿಯದೆಲ್ಲವನ್ನೂ ಎರಡನೆಯದರ ಅರ್ಧವನ್ನೂ ಪಡಸಾಲೆಗೆ ಸೇರಿಸಿದೆವು. ಸುಮಾರು ಎಂಬತ್ತು ಗಡ್ಡೆ ತೋಯ್ದವು. ತೋಯ್ದವುಗಳಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟೆ.

ಒಣಗಿಸಲು ಒಂದು ಅಟ್ಟಣೆ ಮಾಡಿಕೊಂಡಿದ್ದೆ. ಆರು ಅಡಿಗೆ ಮೂರು ಅಡಿಯ ಹಳೆಯ ಬಾಗಿಲಿನ ಚೌಕಟ್ಟಿಗೆ ಕೋಳಿಗೂಡಿನ ತಂತಿಜಾಳಿಗೆಯನ್ನು ಬಿಗಿದು, ಜೋಲು ಬೀಳದಂತೆ ಕೆಳಗೆ ಎರಡು ಅಡ್ಡ ಪಟ್ಟಿ ಹೊಡೆದು, ನಾಲ್ಕು ಮೂಲೆಗೆ ಮೂರು ಮೂರು ಇಟ್ಟಿಗೆ ಪೇರಿಸಿ ಪಡಸಾಲೆಯಲ್ಲಿ ನಿಲ್ಲಿಸಿದೆ. ಮೊದಲು ಒಂದೊಂದೇ ಇಟ್ಟಿಗೆ ಇಟ್ಟಿದ್ದೆ; ಕೆಳಗೆ ಗಾಳಿಯಾಡದೆ ಎರಡನೆಯ ದಿನವೇ ಗಡ್ಡೆಗಳ ತಳ ಬೆವರಿದಂತಾಗಿತ್ತು. ಒಂದರ ಮೇಲೊಂದು ಬಾರದಂತೆ ಒಂದೇ ಪದರ ಹರಡಿ, ಎರಡು ದಿನಕ್ಕೊಮ್ಮೆ ತಿರುವಿಹಾಕಿದೆ. ಎರಡು ವಾರದಲ್ಲಿ ಹೊರಸಿಪ್ಪೆ ಸರಸರ ಸದ್ದು ಮಾಡುವಷ್ಟು ಒಣಗಿತು; ಕುತ್ತಿಗೆಯನ್ನು ಬೆರಳಿನಲ್ಲಿ ಹೊಸಕಿದರೆ ಒಳಗೆ ಹಸಿ ಜಾರುವಿಕೆ ಇರಲಿಲ್ಲ. ಏಪ್ರಿಲ್ 16ರ ತೂಕ 16.1 ಕಿಲೋ.

ಕುತ್ತಿಗೆ ದಪ್ಪವಾಗಿಯೇ ಉಳಿದ ಇಪ್ಪತ್ಮೂರನ್ನು ಮೊದಲು ತಿನ್ನಲು ತೆಗೆದಿಟ್ಟೆ. ಅರವತ್ತು ಒಳ್ಳೆಯ ಗಡ್ಡೆಗಳನ್ನು ಎಲೆಸಹಿತ ಜಡೆ ಹೆಣೆದೆ. ಬೇಸಗೆಯಲ್ಲಿ ಕುಮಟಾದ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗಹಾಕಿ ಮಾರುವುದನ್ನು ನೋಡಿದವರಿಗೆ ಇದು ಹೇಗೆ ಕಾಣುತ್ತದೆಂದು ಹೇಳಬೇಕಾಗಿಲ್ಲ. ಮಾಡುವುದು ಮಾತ್ರ ಕಾಣುವಷ್ಟು ಸುಲಭವಲ್ಲ. ಪೂರ್ತಿ ಒಣಗಿದ ಎಲೆ ಮುರಿಯುತ್ತದೆ, ಆದ್ದರಿಂದ ಬೆಳಿಗ್ಗೆ ತುಸು ತೇವವಿರುವಾಗ, ನಡುವೆ ಒಂದು ಸೆಣಬಿನ ಹುರಿ ಸೇರಿಸಿ ಹೆಣೆಯಬೇಕು. ಭಾರವನ್ನು ಹೊರುವುದು ಎಲೆಯಲ್ಲ, ಹುರಿ. ಉಳಿದವುಗಳ ಕುತ್ತಿಗೆಯನ್ನು ಒಂದು ಇಂಚು ಬಿಟ್ಟು ಕತ್ತರಿಸಿ, ಜಾಲಿಚೀಲಗಳಲ್ಲಿ ನಾಲ್ಕು ಕಿಲೋಗಿಂತ ಹೆಚ್ಚು ತುಂಬದೆ, ಗಾಳಿಯಾಡುವ ಪಡಸಾಲೆಯ ತೊಲೆಗೆ ಕಟ್ಟಿದೆ. ಆಲೂಗಡ್ಡೆಯ ಬುಟ್ಟಿಯನ್ನು ಒಳಗಿನ ಕೋಣೆಗೆ ಕಳಿಸಿಯಾಯಿತು.

ಜುಲೈ 15: ಕೊನೆಯ ತೂಕ

ನಮ್ಮದು ಮೂವರ ಮನೆ, ತಿಂಗಳಿಗೆ ಸುಮಾರು ಮೂರು ಕಿಲೋ ಬಳಕೆ. ಮಳೆಯಲ್ಲಿ ತೋಯ್ದ ಎಂಬತ್ತರಲ್ಲಿ ಹದಿನಾಲ್ಕು ಮೇ ನಡುವಿನೊಳಗೆ ಕಪ್ಪು ಬೂಷ್ಟು ಹಿಡಿದು ಹೋದವು. ತೋಯದೆ ಉಳಿದವುಗಳಲ್ಲಿ ಹೋದದ್ದು ಮೂರು ಮಾತ್ರ. ಇಂದು ಉಳಿದಿರುವುದು ಆರು ಕಿಲೋ. ಮಳೆಗಾಲದ ತಂಪಿಗೆ ನಾಲ್ಕು ಗಡ್ಡೆಗಳ ತುದಿಯಲ್ಲಿ ಹಸಿರು ಮೊಳಕೆ ಇಣುಕಿದೆ. ಗೊಬ್ಬರ, ಪೈಪು, ಮರಳು ಎಲ್ಲ ಸೇರಿಸಿದರೆ ಈ ಈರುಳ್ಳಿ ಸಂತೆಯದಕ್ಕಿಂತ ಬಹಳ ದುಬಾರಿ ಬಿದ್ದಿದೆ. ಹೆಂಚು ಮತ್ತು ಪೈಪು ಮುಂದಿನ ವರ್ಷಕ್ಕೂ ಇರುತ್ತವೆಂದು ಮನೆಯಲ್ಲಿ ಹೇಳಿದ್ದೇನೆ.

ಒಂದೇ ಕುತ್ತಿಗೆಯ, ದುಂಡಗಿನ, ಜೋಡಾಗದ ಹನ್ನೆರಡು ಗಡ್ಡೆಗಳನ್ನು ಬೇರೆ ಜಡೆಯಲ್ಲಿ ತೂಗುಹಾಕಿದ್ದೇನೆ. ಅವನ್ನು ನವೆಂಬರ್‌ನಲ್ಲಿ ಹೂತು, ಎರಡನೆಯ ವರ್ಷದ ಹೂವಿಗೆ ಬಿಟ್ಟು, ಸ್ವಂತ ಬೀಜ ಮಾಡಿಕೊಳ್ಳುವ ಯೋಚನೆ ಇದೆ. ಜೇನು ಬಂದು ಬೆರೆಸುವ ಹೂವಾದ್ದರಿಂದ ಒಂದೆರಡು ಗಡ್ಡೆ ಸಾಲುವುದಿಲ್ಲ. ಮೊದಲ ಮಡಿಯ ಹೆಂಚುಗಳನ್ನು ಹೋದ ವಾರ ಕಿತ್ತು, ಗೋಡೆಯಿಂದ ಐದು ಅಡಿ ಅಳೆದು, ಅಲ್ಲಿ ಸುಣ್ಣದ ಗೆರೆ ಎಳೆದಿದ್ದೇನೆ. ಮಳೆಗೆ ಅದು ಅಳಿಸಿಹೋಗಬಹುದೆಂದು ಎರಡು ಗೂಟಗಳನ್ನೂ ಹೊಡೆದಿದ್ದೇನೆ.